ಸೈಕಲ್ ದಾರಿಯಲ್ಲಿ ಹಕ್ಕಿ ಮತ್ತು ಕಾಡುಪ್ರಾಣಿಗಳು ಎದುರಾದಾಗ: ಕಾಸರಗೋಡಿನ ಸವಾರರಿಗೊಂದು ಕೈಪಿಡಿ

ಸೈಕಲ್ಲಿಗೆ ಸದ್ದಿಲ್ಲ ಎಂಬುದೇ ಅದರ ದೊಡ್ಡ ಗುಣ. ಬೈಕಿನಲ್ಲಿ ಹೋಗುವವನಿಗೆ ಕಾಣದ ಮಿಂಚುಳ್ಳಿ, ಕಾರಿನಲ್ಲಿ ಹೋಗುವವನಿಗೆ ಕೇಳಿಸದ ಭೀಮರಾಜನ ಕೂಗು, ಅಡಕೆ ತೋಟದ ಅಂಚಿನಲ್ಲಿ ತರಗೆಲೆ ಕೆದಕುತ್ತಿರುವ ನವರಂಗ, ಇವೆಲ್ಲ ಸೈಕಲ್ ಸವಾರನಿಗೆ ದಕ್ಕುವುದು ಆ ನಿಶ್ಶಬ್ದದಿಂದಲೇ. ಆದರೆ ಕಾರಡ್ಕದ ಕಾಡಿನ ತಿರುವಿನಲ್ಲಿ ಮರಿಗಳೊಂದಿಗೆ ನಿಂತಿರುವ ಹಂದಿಗೆ ನಾವು ಹತ್ತು ಅಡಿ ದೂರಕ್ಕೆ ಬರುವವರೆಗೂ ಸುಳಿವು ಸಿಗದಂತೆ ಮಾಡುವುದೂ ಅದೇ ನಿಶ್ಶಬ್ದ. ಎಲ್ಲಿ ಸದ್ದಿಲ್ಲದೆ ಸಾಗಬೇಕು, ಎಲ್ಲಿ ಬೇಕೆಂದೇ ಸದ್ದು ಮಾಡಬೇಕು ಎಂಬುದನ್ನು ತಿಳಿದುಕೊಳ್ಳುವುದೇ ನಮ್ಮ ಊರಿನ ದಾರಿಗಳಲ್ಲಿ ಸವಾರ ಕಲಿಯಬೇಕಾದ ಮುಖ್ಯ ವಿದ್ಯೆ. ಬದಿಯಡ್ಕದ ಸುತ್ತಮುತ್ತ ವರ್ಷಗಳಿಂದ ಬೆಳಗಿನ ಸವಾರಿ ಮಾಡುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ದಾರಿ ಮತ್ತು ಹೊತ್ತು

ಹಕ್ಕಿ ನೋಡುವ ಉದ್ದೇಶವಿದ್ದರೆ ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟುಬಿಡಿ. ಕುಂಬಳೆಯಿಂದ ಕಿದೂರಿನ ಕಡೆಗೆ ಹೋಗುವ ಒಳದಾರಿಗಳು ಹೊಸಬರಿಗೆ ಅತ್ಯುತ್ತಮ. ಕಿದೂರು ಹಕ್ಕಿಗಳ ಊರೆಂದೇ ಹೆಸರಾಗಿದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲು ಪಾರೆ, ಗದ್ದೆ, ತೋಟ, ಪೊದೆಗಾಡು ಇವೆಲ್ಲ ಅಲ್ಲಿ ಒಂದಕ್ಕೊಂದು ತಾಗಿಕೊಂಡಿರುವುದರಿಂದ ಒಂದೇ ಬೆಳಗಿನಲ್ಲಿ ನಾಲ್ಕು ಬಗೆಯ ನೆಲೆಗಳ ಹಕ್ಕಿಗಳನ್ನು ನೋಡಬಹುದು. ಕುಂಬಳೆಯ ಅಳಿವೆಯ ಬಳಿ ಬೆಳ್ಳಕ್ಕಿ, ಗರುಡ ಮತ್ತು ಅದೃಷ್ಟವಿದ್ದರೆ ಬಿಳಿಹೊಟ್ಟೆಯ ಕಡಲ ಹದ್ದು ಕಾಣಸಿಗುತ್ತವೆ. ಈ ಹದ್ದನ್ನೇ ಕಾಸರಗೋಡು ತನ್ನ ಜಿಲ್ಲಾ ಪಕ್ಷಿಯೆಂದು 2023ರಲ್ಲಿ ಘೋಷಿಸಿಕೊಂಡಿತು. ಆಗಲೇ ಕಾಸರಕವು ಜಿಲ್ಲಾ ವೃಕ್ಷವಾಯಿತು.

ಕೇರಳದ ಉದ್ದಗಲಕ್ಕೂ 2015ರಿಂದ 2020ರವರೆಗೆ ಸ್ವಯಂಸೇವಕರು ನಡೆಸಿದ ಪಕ್ಷಿ ಅಟ್ಲಾಸ್ ಗಣತಿಗೆ ವರ್ಷಕ್ಕೆ ಎರಡು ಅವಧಿಗಳನ್ನು ಆರಿಸಿಕೊಳ್ಳಲಾಗಿತ್ತು. ಒಂದು ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ಮಳೆಗಾಲ, ಇನ್ನೊಂದು ಜನವರಿ ನಡುವಿನಿಂದ ಮಾರ್ಚ್ ನಡುವಿನವರೆಗಿನ ಒಣಗಾಲ. ಸೈಕಲ್ ಸವಾರನಿಗೆ ಎರಡನೆಯದು ಹೆಚ್ಚು ಅನುಕೂಲ. ವಲಸೆ ಹಕ್ಕಿಗಳು ಇನ್ನೂ ಇಲ್ಲೇ ಇರುತ್ತವೆ, ದಾರಿಯ ಪಾಚಿ ಒಣಗಿರುತ್ತದೆ, ಉಂಬಳಗಳ ಕಾಟವೂ ಇರುವುದಿಲ್ಲ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಹೊತ್ತಿಗೆ. ಬೆಳಕು ಹರಿದ ಮೇಲಿನ ಎರಡು ಗಂಟೆಗಳಷ್ಟು ಫಲವತ್ತಾದ ಸಮಯ ದಿನದಲ್ಲಿ ಮತ್ತೊಂದಿಲ್ಲ. ಬೆಳಕಿಗೆ ಮೊದಲೇ ಹೊರಡುವ ಅಭ್ಯಾಸವಿರುವವರು ಕರಾವಳಿಯ ಬದಿಯಲ್ಲಿ ಹಾಗೆ ಮಾಡಲಿ, ಕಾಡಿನ ಅಂಚಿನಲ್ಲಿ ಬೇಡ. ಅದರ ಕಾರಣವನ್ನು ಆನೆಯ ವಿಷಯ ಬಂದಾಗ ಹೇಳುತ್ತೇನೆ.

ಹಕ್ಕಿ ಕಂಡಾಗ ನಿಲ್ಲುವ ಬಗೆ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಒಂದೇ ವೇಗದಲ್ಲಿ ಸಾಗುವ ಸೈಕಲ್ಲನ್ನು ಹಕ್ಕಿಗಳು ಅಷ್ಟಾಗಿ ಲೆಕ್ಕಿಸುವುದಿಲ್ಲ. ವೇಗ ಥಟ್ಟನೆ ತಗ್ಗಿ, ಬ್ರೇಕ್ ಕಿರುಗುಟ್ಟಿ, ಮನುಷ್ಯನೊಬ್ಬ ಕಾಲೆತ್ತಿ ಕೆಳಗಿಳಿದೊಡನೆ ಅವು ಹಾರಿಹೋಗುತ್ತವೆ. ಆದ್ದರಿಂದ ಹಕ್ಕಿ ಕಂಡ ಜಾಗದಲ್ಲಿ ನಿಲ್ಲಬೇಡಿ. ಪೆಡಲ್ ತುಳಿಯುವುದನ್ನು ಬಿಟ್ಟು, ಅದೇ ಲಯದಲ್ಲಿ ಇಪ್ಪತ್ತು ಮೂವತ್ತು ಅಡಿ ಮುಂದೆ ಹೋಗಿ, ದರೆಯ ಅಥವಾ ಮರದ ಮರೆ ಸಿಕ್ಕಲ್ಲಿ ಒಂದು ಕಾಲನ್ನು ನೆಲಕ್ಕೂರಿ, ಸೀಟಿನಿಂದ ಇಳಿಯದೆ ಹಿಂದಿರುಗಿ ನೋಡಿ. ದುರ್ಬೀನನ್ನು ಮುಖದ ಹತ್ತಿರಕ್ಕೆ ನಿಧಾನವಾಗಿ ತನ್ನಿ. ಹಿಂದಿನಿಂದ ವಾಹನ ಬರುತ್ತಿಲ್ಲವೆಂದು ನಿಲ್ಲುವ ಮೊದಲೇ ಖಚಿತಪಡಿಸಿಕೊಳ್ಳಿ. ಹಕ್ಕಿಯ ಮೇಲೆ ಕಣ್ಣು ನೆಟ್ಟವನಿಗೆ ರಸ್ತೆ ಮರೆತುಹೋಗುತ್ತದೆ.

ದುರ್ಬೀನು ಎಂಟು ಪಟ್ಟು ಹಿಗ್ಗಿಸುವಂಥದಾದರೆ ಸಾಕು. ಏದುಸಿರು ಬಿಡುವ ಕೈಗಳಲ್ಲಿ ಅದಕ್ಕಿಂತ ಶಕ್ತಿಯದು ನಡುಗುತ್ತದೆ. ಕೊರಳಿಗೆ ನೇತುಹಾಕಿದರೆ ಹ್ಯಾಂಡಲಿಗೆ ಬಡಿಯುವುದರಿಂದ ಎದೆಗೆ ಕಟ್ಟುವ ಪಟ್ಟಿಯನ್ನು ಬಳಸಿ. ಕೂಗು ಕೇಳಿ ಗುರುತಿಸಲು ಮರ್ಲಿನ್ ಆ್ಯಪ್, ಕಂಡದ್ದನ್ನು ದಾಖಲಿಸಲು ಈಬರ್ಡ್ ಎರಡೂ ಉಚಿತ. ಆದರೆ ಫೋನಿನಿಂದ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಹತ್ತಿರ ಕರೆಯುವ ಚಟ ಖಂಡಿತ ಬೇಡ. ತನ್ನ ನೆಲೆಗೆ ಎದುರಾಳಿ ಬಂದಿದೆಯೆಂದು ನಂಬಿ, ಮರಿಗೆ ಉಣಿಸಬೇಕಾದ ಹೊತ್ತನ್ನು ಅದು ನಮ್ಮ ಮೋಸಕ್ಕಾಗಿ ಕಳೆಯುತ್ತದೆ.

ಪಾರೆಯ ಮೇಲಿನ ಸವಾರಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಪದವುಗಳು, ಎಂದರೆ ಗುಡ್ಡದ ಮೇಲಿನ ಈ ಬಯಲುಗಳು, ಬೋಳಾಗಿ, ಬರಡಾಗಿ ಕಾಣುತ್ತವೆ. ಅಗಲ ಟಯರಿನ ಸೈಕಲ್ ಇದ್ದವರಿಗೆ ದಾರಿ ಬಿಟ್ಟು ಅಡ್ಡಾದಿಡ್ಡಿ ಓಡಿಸುವ ಆಸೆ ಹುಟ್ಟುವುದು ಸಹಜ. ಆದರೆ ಹಳದಿ ಟಿಟ್ಟಿಭ ಬೇಸಗೆಯಲ್ಲಿ ಮೊಟ್ಟೆಯಿಡುವುದು ಇಂತಹ ಬರಿನೆಲದಲ್ಲೇ. ಗೂಡೆಂಬುದು ಹೆಸರಿಗೆ ಮಾತ್ರ, ಒಂದು ಸಣ್ಣ ತಗ್ಗು, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳು. ಅವುಗಳ ಬಣ್ಣ ಮುರಕಲ್ಲಿನ ಚೂರುಗಳೊಂದಿಗೆ ಎಷ್ಟು ಬೆರೆತುಹೋಗುತ್ತದೆಂದರೆ ಎರಡು ಅಡಿ ದೂರದಲ್ಲಿ ನಿಂತರೂ ಕಾಣುವುದಿಲ್ಲ. ಟಿಟ್ಟಿಭ ನಿಮ್ಮ ತಲೆಯ ಮೇಲೆ ಸುತ್ತುತ್ತ ಕೂಗತೊಡಗಿದರೆ ನೀವು ಗೂಡಿನ ಹತ್ತಿರ ಬಂದಿದ್ದೀರಿ ಎಂದರ್ಥ. ಆಗ ಗೂಡನ್ನು ಹುಡುಕಬೇಡಿ, ಫೋಟೊಕ್ಕಾಗಿ ಕಾಯಬೇಡಿ; ಇಳಿದು, ಕಾಲಿಡುವ ನೆಲವನ್ನು ನೋಡುತ್ತ, ಬಂದ ದಾರಿಯಲ್ಲೇ ಸೈಕಲ್ ತಳ್ಳಿಕೊಂಡು ಹಿಂದಿರುಗಿ. ಬಿಸಿಲು ಏರಿದ ಮೇಲೆ ತಾಯಿ ನೆರಳು ಕೊಡದಿದ್ದರೆ ಕಾದ ಕಲ್ಲಿನ ಮೇಲಿನ ಮೊಟ್ಟೆ ಬಹಳ ಹೊತ್ತು ಉಳಿಯಲಾರದು. ಮಾರ್ಚಿನಿಂದ ಮೇ ತಿಂಗಳವರೆಗೆ ಪಾರೆಯಲ್ಲಿ ಕಾಲುದಾರಿಯನ್ನು ಬಿಟ್ಟು ಸೈಕಲ್ ಇಳಿಸಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ.

ಪೆರ್ಲ, ಪಡ್ರೆಯ ಕಡೆಯ ಗೇರು ತೋಟಗಳ ನಡುವೆ ಹಾದುಹೋಗುವಾಗ ನಾನು ಒಂದು ನಿಮಿಷವಾದರೂ ನಿಂತು ಕಿವಿಗೊಡುತ್ತೇನೆ. 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಈ ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಲಾಗಿತ್ತು. ಮನುಷ್ಯರಿಗಿಂತ ಮೊದಲು ಜೇನು, ಕಪ್ಪೆ, ಹಕ್ಕಿಗಳು ಇಲ್ಲವಾದದ್ದನ್ನು ಇಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ. ಈಗ ಅದೇ ಗೇರಿನ ಮರದಲ್ಲಿ ಪಿಕಳಾರ ಕೂಗಿದರೆ ಆ ದಿನಾಂಕ ಮತ್ತು ಜಾಗವನ್ನು ಬರೆದಿಡುವುದು ನಮ್ಮ ಕರ್ತವ್ಯವೆಂದು ನನಗೆ ತೋರುತ್ತದೆ.

ದಾರಿಗೆ ಅಡ್ಡ ಬರುವವು

ನವಿಲು ಈಗ ಎಲ್ಲೆಡೆ ಕಾಣಸಿಗುತ್ತದೆ. ಒಂದು ಹೆಣ್ಣು ನವಿಲು ರಸ್ತೆ ದಾಟಿತೆಂದರೆ ಎರಡನೆಯದು ಪೊದೆಯೊಳಗೆ ಇದೆಯೆಂದೇ ಭಾವಿಸಿ ನಿಲ್ಲಬೇಕು. ಈ ಪಾಠವನ್ನು ನಾನು ನೋವುಂಡು ಕಲಿತೆ: ಇಳಿಜಾರೊಂದರಲ್ಲಿ ಮೊದಲ ನವಿಲು ದಾಟಿದ ಸಮಾಧಾನದಲ್ಲಿ ಬ್ರೇಕ್ ಬಿಟ್ಟೆ, ಹಿಂದೆಯೇ ಓಡಿಬಂದ ಇನ್ನೊಂದು ಮುಂದಿನ ಚಕ್ರಕ್ಕೆ ತಾಗಿತು. ನನ್ನ ಮೊಣಕೈ ತರಚಿತು. ಹಕ್ಕಿ ಎದ್ದು ಹೋಯಿತಾದರೂ ಅದರ ಗರಿಗಳು ರಸ್ತೆಯಲ್ಲಿ ಉಳಿದವು. ನವಿಲು ಭಾರವಾದ ಹಕ್ಕಿಯಾದ್ದರಿಂದ ತಟ್ಟನೆ ಮೇಲೇಳಲಾರದು. ಅದು ಹಾರಿ ಪಾರಾಗುತ್ತದೆಂದು ನಂಬಿ ವೇಗ ಉಳಿಸಿಕೊಳ್ಳಬಾರದು. ಕಾಡುಹಂದಿಗೂ ಇದೇ ನಿಯಮ, ಆದರೆ ಹತ್ತು ಪಟ್ಟು ಎಚ್ಚರದಿಂದ. ತಾಯಿ ಮುಂದೆ, ಮರಿಗಳು ಸಾಲಾಗಿ ಹಿಂದೆ. ಆ ಸಾಲನ್ನು ತುಂಡರಿಸುವವನ ಮೇಲೆ ತಾಯಿ ತಿರುಗಿ ಬೀಳುತ್ತದೆ. ಕಾಡು ಮತ್ತು ರಬ್ಬರ್ ತೋಟಗಳ ಕುರುಡು ತಿರುವುಗಳಲ್ಲಿ, ಚೆರ್ಕಳ–ಜಾಲ್ಸೂರು ರಸ್ತೆಯ ಮರಗಳು ಕವಿದ ಭಾಗಗಳಲ್ಲಿ ಬೆಲ್ಲನ್ನು ಎರಡು ಮೂರು ಬಾರಿ ಬಾರಿಸಿಯೇ ಮುಂದೆ ಹೋಗಿ. ಜೊತೆಗಾರರಿದ್ದರೆ ಮಾತಾಡುತ್ತ ಸಾಗಿ. ಹಕ್ಕಿ ಹಾರಿಹೋದೀತೆಂಬ ಚಿಂತೆಯನ್ನು ಅಲ್ಲಿ ಬದಿಗಿಡಬೇಕು.

ಮುಸ್ಸಂಜೆ ಮತ್ತು ನಸುಕಿನಲ್ಲಿ ನತ್ತಿಂಗವೆಂಬ ಇರುಳಹಕ್ಕಿ ರಸ್ತೆಯ ಮೇಲೆಯೇ ಕುಳಿತಿರುತ್ತದೆ. ದೀಪದ ಬೆಳಕಿಗೆ ಕೆಂಪಗೆ ಹೊಳೆಯುವ ಕಣ್ಣು ಕಂಡರೆ ದೀಪವನ್ನು ಕೆಳಕ್ಕೆ ತಿರುಗಿಸಿ, ವೇಗ ತಗ್ಗಿಸಿ, ಅದಕ್ಕೆ ಏಳಲು ಸಮಯ ಕೊಡಿ. ಮಂಗಗಳ ಮುಂದೆ ಚೀಲ ಬಿಚ್ಚಬೇಡಿ, ಬಾಳೆಹಣ್ಣನ್ನು ಹ್ಯಾಂಡಲಿಗೆ ತೂಗುಹಾಕಬೇಡಿ. ಹೆಜ್ಜೇನು ಎದ್ದಿದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಆದಷ್ಟು ವೇಗವಾಗಿ ದೂರ ಹೋಗಬೇಕು.

ನಿಜ ಹೇಳಬೇಕೆಂದರೆ ಕಾಡುಪ್ರಾಣಿಗಳಿಗಿಂತ ಹೆಚ್ಚು ಸಲ ಎದುರಾಗುವುದು ನಾಯಿ. ಅಟ್ಟಿಸಿಕೊಂಡು ಬಂದಾಗ ವೇಗವಾಗಿ ತುಳಿದು ಪಾರಾಗುವ ಪ್ರಯತ್ನ ಏರುದಾರಿಯಲ್ಲಿ ಫಲಿಸುವುದಿಲ್ಲ. ನಿಂತು, ಇಳಿದು, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಹಿಡಿದು, ಗಡಸು ದನಿಯಲ್ಲಿ ಗದರಿಸುತ್ತ ಹಿಂದೆ ಸರಿಯಿರಿ; ಓಟ ನಿಂತೊಡನೆ ಹೆಚ್ಚಿನ ನಾಯಿಗಳ ಉತ್ಸಾಹ ಕುಗ್ಗುತ್ತದೆ. ಕಚ್ಚಿದರೆ, ಹಲ್ಲು ತಾಗಿ ತರಚಿದರೂ ಸಹ, ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಲೇಬೇಕು.

ಆನೆ ಇರುವ ಕಡೆ

ದೇಲಂಪಾಡಿ, ಕಾರಡ್ಕ, ಮುಳಿಯಾರು ಪಂಚಾಯತುಗಳಲ್ಲಿ ಆನೆಗಳು ತೋಟಕ್ಕಿಳಿಯುವುದು ಎಲ್ಲರಿಗೂ ತಿಳಿದ ಸಂಗತಿ. ಏಷ್ಯಾದ ಆನೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು; ನಮ್ಮ ಏರುಗಳಲ್ಲಿ ಸೈಕಲ್ ಸಾಗುವುದು ಎಂಟು ಹತ್ತು ಕಿಲೋಮೀಟರ್ ವೇಗದಲ್ಲಿ. ಈ ಎರಡು ಅಂಕೆಗಳನ್ನು ನೆನಪಿಟ್ಟುಕೊಂಡವನು ಆನೆಯ ಪಕ್ಕದಿಂದ ನುಸುಳಿ ಹೋಗುವ ಸಾಹಸ ಮಾಡುವುದಿಲ್ಲ. ಕತ್ತಲೆಯಲ್ಲಿ ಮತ್ತು ನಸುಕಿನಲ್ಲಿ ಇತ್ತ ಸವಾರಿ ಬೇಡವೆಂದದ್ದು ಇದಕ್ಕೇ, ಏಕೆಂದರೆ ರಾತ್ರಿ ಮೇಯಲು ಇಳಿದ ಆನೆಗಳು ಕಾಡಿಗೆ ಮರಳುವ ಹೊತ್ತು ಅದು.

ಹೊರಡುವ ಮೊದಲು ಕೇಳಿ ತಿಳಿದುಕೊಳ್ಳಿ. ರಬ್ಬರ್ ಟ್ಯಾಪಿಂಗಿಗೆ ಹೋಗುವವರು ಬೆಳಕಿಗೆ ಮೊದಲೇ ತೋಟದಲ್ಲಿರುವುದರಿಂದ ಅವರಷ್ಟು ಖಚಿತವಾಗಿ ಹೇಳಬಲ್ಲವರು ಬೇರೆ ಇಲ್ಲ. ಗೂಡಂಗಡಿಯಲ್ಲಿ ಚಹಾ ಕುಡಿಯುತ್ತ ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ವಿಚಾರಿಸಿದರೆ ಸಾಕು. ಹಸಿ ಲದ್ದಿ, ಸೀಳಿದ ಬಾಳೆಗಿಡ, ಮುರಿದ ಬೈನೆ ಮರ, ಹಲಸಿನ ಕಾಲದಲ್ಲಿ ಜಜ್ಜಿದ ಹಣ್ಣುಗಳು ಕಂಡರೆ ಅಲ್ಲಿಂದಲೇ ಹಿಂದಿರುಗಿ. ಆನೆಯೇ ಕಂಡರೆ ಬೆಲ್ ಬಾರಿಸಬೇಡಿ, ಕಿರುಚಬೇಡಿ. ಸೈಕಲ್ ತಿರುಗಿಸಿ ಸದ್ದಿಲ್ಲದೆ ದೂರ ಸರಿದು, ಎದುರು ಬರುವವರಿಗೂ ತಿಳಿಸಿ. ಬೆಲ್ಲಿನ ಉಪಯೋಗ ಪ್ರಾಣಿ ನಮ್ಮನ್ನು ಅರಿಯುವ ಮೊದಲು. ಎದುರುಬದುರಾದ ಮೇಲೆ ಅದು ಕೆಣಕುವ ಸದ್ದು. ಕಾಡಿನಂಚಿನ, ವಿದ್ಯುತ್ ಹರಿಯುವ ಸೌರ ತೂಗುಬೇಲಿಗೆ ಸೈಕಲ್ಲನ್ನು ಒರಗಿಸಬಾರದು.

ಹಾವು, ಗಾಯಗೊಂಡ ಪ್ರಾಣಿ

ಬಿಸಿಯಾದ ಡಾಮರಿನ ಮೇಲೆ ಸಂಜೆ ಹಾವು ಮಲಗಿರುವುದುಂಟು. ಎರಡು ಸೈಕಲ್ಲಿನಷ್ಟು ಅಂತರ ಬಿಟ್ಟು ನಿಂತರೆ ಅದು ತನ್ನ ದಾರಿಯಲ್ಲಿ ಹೋಗುತ್ತದೆ. ಕೇರೆ ಹಾವೆಂದು ತಿಳಿದಿದ್ದರೂ ದಾಟಿಸಲು ಕೋಲು ಹಿಡಿಯಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ರಕ್ತ ಹೀರುವುದು ಯಾವುದೂ ಕೂಡದು. ಕಚ್ಚಿದ ಕೈಕಾಲನ್ನು ಅಲುಗಿಸದೆ, ಸೈಕಲ್ ಅಲ್ಲೇ ಬಿಟ್ಟು, 108ಕ್ಕೆ ಕರೆಮಾಡಿ, ವಿಷಹಾರಿ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಬೇಕು. ನಾಗರಹಾವು, ಕಡಂಬಳ, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ನಮ್ಮಲ್ಲಿನ ಮದ್ದು ಕೆಲಸ ಮಾಡುತ್ತದೆ. ಮನೆಯಂಗಳದಲ್ಲೋ ಬಾವಿಯಲ್ಲೋ ಹಾವು ಸಿಲುಕಿದ್ದನ್ನು ಕಂಡರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪಿನ ಮೂಲಕ ತರಬೇತಿ ಪಡೆದ ರಕ್ಷಕರನ್ನು ಕರೆಯಬಹುದು.

ಗಾಯಗೊಂಡ ಹಕ್ಕಿ ಸಿಕ್ಕರೆ ಹಗುರವಾದ ಬಟ್ಟೆ ಹೊದಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಯಾಗಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಬಾಯಿಗೆ ನೀರು ಹುಯ್ಯಬೇಡಿ, ಅದು ಶ್ವಾಸನಾಳಕ್ಕೆ ಹೋಗಿ ಹಕ್ಕಿ ಸಾಯಬಹುದು. ಮನೆಯಲ್ಲಿ ಸಾಕಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾಗಬಹುದು. ಬಾವಲಿಯನ್ನಾಗಲಿ, ಅದು ಕಚ್ಚಿ ಬೀಳಿಸಿದ ಹಣ್ಣನ್ನಾಗಲಿ ಮುಟ್ಟಲೇಬೇಡಿ. ರಸ್ತೆಯಲ್ಲಿ ಸತ್ತು ಬಿದ್ದ ಪ್ರಾಣಿಯನ್ನು ಕಂಡರೆ ಒಂದು ಫೋಟೊ ತೆಗೆದು, ಸ್ಥಳ ಮತ್ತು ಹೊತ್ತನ್ನು ಗುರುತು ಮಾಡಿಕೊಂಡು, ಕೋಲಿನಿಂದ ಬದಿಗೆ ಸರಿಸಿ. ಅದನ್ನು ತಿನ್ನಲು ಇಳಿಯುವ ಗರುಡನೋ ಮುಂಗುಸಿಯೋ ಅದೇ ಜಾಗದಲ್ಲಿ ಮುಂದಿನ ವಾಹನಕ್ಕೆ ಸಿಕ್ಕಿಬೀಳುವುದು ಇದರಿಂದ ತಪ್ಪುತ್ತದೆ.