ಸಂಬಳ ಕಮ್ಮಿ ಕೊಟ್ಟರೆ ಸುಮ್ನೆ ಇರಬೇಡಿ
ಗಾರ್ಮೆಂಟ್ಸ್‌ನಲ್ಲಿ ಒಂದೇ ಲೈನಲ್ಲಿ ಕೂತು ಕಾಲರ್ ಹೊಲಿಯುವ ಗಂಡಸಿಗೆ ಜಾಸ್ತಿ, ಹೆಂಗಸರಾದ ನಿಮಗೆ ಮಾತ್ರ ಕಮ್ಮಿ ಸಂಬಳ ಅಂದರೆ ಅದು ಅನ್ಯಾಯ ಅಷ್ಟೇ ಅಲ್ಲ, ಸಂಬಳದ ಬಗೆಗಿನ ಕಾನೂನಾದ 2019ರ ವೇತನ ಸಂಹಿತೆಗೆ ವಿರುದ್ಧ. ಕಾಗದದಲ್ಲಿ ನಿಮ್ಮನ್ನು 'ಹೆಲ್ಪರ್' ಅಂತ ಬರೆದಿರಬಹುದು. ಲೆಕ್ಕಕ್ಕೆ ಬರುವುದು ನೀವು ನಿಜವಾಗಿ ಮಾಡುವ ಕೆಲಸ.

ಮೊದಲು ಪೇ ಸ್ಲಿಪ್ ಕೇಳಿ ಪಡೆಯಿರಿ. ಅಂಜಬೇಡಿ, ಅದು ನಿಮ್ಮ ಹಕ್ಕು. ಮೂಲವೇತನ, ಡಿಎ (ತುಟ್ಟಿಭತ್ಯೆ), ಪಿಎಫ್ (ಭವಿಷ್ಯ ನಿಧಿ), ಓಟಿ (ಹೆಚ್ಚುವರಿ ಹೊತ್ತಿನ ಕೆಲಸದ ಹಣ) ಎಲ್ಲವನ್ನೂ ಸಾಲು ಸಾಲಾಗಿ ನೋಡಿ. ಓಟಿಗೆ ಮಾಮೂಲಿ ದರದ ಎರಡು ಪಟ್ಟು ಸಿಗಬೇಕು, ಅಲ್ವಾ? ಸಿಕ್ಕಿದೆಯಾ ಅಂತ ತಾಳೆ ಹಾಕೋಕೆ ದಿನಾ ಬಂದ ಹೋದ ಟೈಮ್ ಬರೆದಿಡಿ.

ಆಮೇಲೆ ಎಚ್‌ಆರ್‌ಗೆ (ಕಂಪನಿಯ ಸಿಬ್ಬಂದಿ ವಿಭಾಗಕ್ಕೆ) ದೂರನ್ನು ಬರೆದೇ ಕೊಡಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅಲ್ಲಿ ಕೆಲಸ ಆಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇದೆ. ಬಾಕಿ ಕೇಳಲು 3 ವರ್ಷ ಅವಕಾಶ, ನಿಮ್ಮ ಪರವಾಗಿ ಯೂನಿಯನ್ನೂ ಅರ್ಜಿ ಹಾಕಬಹುದು.