ಮೊದಲ ಕಾದಂಬರಿಯ ಮೊದಲ 60 ಪುಟ

ಕಾದಂಬರಿ ಬರೆಯಬೇಕು ಎಂದುಕೊಂಡವರ ಹತ್ತಿರ ಕಥೆ ಇದ್ದೇ ಇರುತ್ತದೆ. ಅದನ್ನು ಯಾರು ಹೇಳುತ್ತಾರೆ, ಯಾವ ಕನ್ನಡದಲ್ಲಿ ಹೇಳುತ್ತಾರೆ ಎಂಬುದು ಇತ್ಯರ್ಥವಾಗದೆ ಹೆಚ್ಚಿನವು ಹತ್ತು ಹದಿನೈದು ಪುಟಕ್ಕೆ ನಿಂತುಬಿಡುತ್ತವೆ. ಬರೆಯಲು ಕೂರುವ ಮುನ್ನ ನಾನು ಬಿಡಿಸಿಕೊಳ್ಳುವುದು ಈ ಗಂಟನ್ನೇ.

ನಿವೃತ್ತ ತಂದೆಯೊಬ್ಬ ರಾತ್ರಿ ತಡವಾಗಿ ಮನೆಗೆ ಬರುತ್ತಾನೆ, ಮಗಳು ಬಾಗಿಲು ತೆಗೆಯುತ್ತಾಳೆ ಎಂದಿಟ್ಟುಕೊಳ್ಳಿ. ‘ಅಪ್ಪ ಬಂದರು’ ಎಂದು ಬರೆದರೆ ನೋಡುತ್ತಿರುವ ಕಣ್ಣು ಮಗಳದ್ದು. ‘ನಂಜಪ್ಪ ಬಂದ’ ಎಂದರೆ ನಿರೂಪಕ ಆ ಮನೆಯವನಲ್ಲ, ಆ ಮನುಷ್ಯನಿಗೆ ಸರಿಸಮನಾಗಿ ನಿಂತವನು. ‘ನಂಜಪ್ಪನವರು ಬಂದರು’ ಎಂದರೆ ಹೇಳುವವನು ಅವರಿಗಿಂತ ಕಿರಿಯ, ಪಕ್ಕದ ಮನೆಯ ಹುಡುಗನಿರಬಹುದು. ‘ಅಪ್ಪ ಬಂದ’ ಎನ್ನುವುದು ಕೆಲವು ಮನೆಗಳಲ್ಲಿ ಸಲಿಗೆ, ಕೆಲವು ಮನೆಗಳಲ್ಲಿ ಸಿಟ್ಟು. ಇಂಗ್ಲಿಷ್‌ನ ಬರವಣಿಗೆ ಕೈಪಿಡಿಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅಲ್ಲಿನ ಕ್ರಿಯಾಪದಕ್ಕೆ ಮರ್ಯಾದೆಯ ಪ್ರತ್ಯಯವಿಲ್ಲ. ನಮ್ಮಲ್ಲಿ ಮೊದಲ ವಾಕ್ಯದ ಕೊನೆಯ ಅಕ್ಷರವೇ ನಿರೂಪಕ ಎಲ್ಲಿ ನಿಂತಿದ್ದಾನೆ ಎಂದು ಹೇಳಿಬಿಡುತ್ತದೆ.

ಮೊದಲ ಕರಡುಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪೂ ಇಲ್ಲಿಯದೇ. ಒಂದನೇ ಪುಟದಲ್ಲಿ ‘ನಂಜಪ್ಪನವರು’, ಹನ್ನೆರಡನೇ ಪುಟದಲ್ಲಿ ‘ನಂಜಪ್ಪ’, ಜಗಳದ ದೃಶ್ಯ ಬಂದಾಗ ‘ಅವನು’, ಸತ್ತಾಗ ಮತ್ತೆ ‘ಅವರು’. ಬರೆಯುವವರ ಸಿಟ್ಟು, ಕರುಣೆ ನೇರವಾಗಿ ಪ್ರತ್ಯಯಕ್ಕೆ ಇಳಿದಿರುತ್ತದೆ. ಓದುಗರಿಗೆ ಕಾರಣ ಗೊತ್ತಾಗದಿದ್ದರೂ ಕಥೆ ಹೇಳುವವರು ನಡುವೆ ಬದಲಾದರು ಅನ್ನಿಸುತ್ತದೆ.

ಇದಕ್ಕೆ ನಾನು ಒಂದು ಹಾಳೆಯಲ್ಲಿ ಚೌಕ ಎಳೆಯುತ್ತೇನೆ. ಉದ್ದಕ್ಕೆ ಕರೆಯುವ ಆರು ಮುಖ್ಯ ಪಾತ್ರಗಳು, ಅಡ್ಡಕ್ಕೆ ಕರೆಸಿಕೊಳ್ಳುವ ಅದೇ ಆರು. ತನ್ನನ್ನು ತಾನು ಕರೆದುಕೊಳ್ಳುವ, ಚೌಕದ ಆರು ಮನೆ ಬಿಟ್ಟರೆ 30 ಮನೆ ಉಳಿಯುತ್ತವೆ. ಒಂದೊಂದರಲ್ಲೂ ಎರಡು ವಿಷಯ: ನೀನು ಅನ್ನುತ್ತಾರೋ ನೀವು ಅನ್ನುತ್ತಾರೋ, ಏನೆಂದು ಕರೆಯುತ್ತಾರೆ. ಹೆಂಡತಿ ಗಂಡನಿಗೆ ‘ರೀ’, ಗಂಡ ಹೆಂಡತಿಗೆ ಹೆಸರೋ ‘ಲೇ’ಯೋ ‘ಕಣೇ’ಯೋ, ಸೊಸೆ ಮಾವನಿಗೆ ನೇರವಾಗಿ ಮಾತಾಡುತ್ತಾಳೋ ಗಂಡನ ಮೂಲಕ ಹೇಳಿಸುತ್ತಾಳೋ, ಬಾಡಿಗೆಯವರು ಓನರ್‌ಗೆ ‘ಆಂಟಿ’ ಅನ್ನುತ್ತಾರೋ ‘ಮೇಡಂ’ ಅನ್ನುತ್ತಾರೋ. ತುಂಬಿಸಲು ಒಂದು ಸಂಜೆ ಬೇಕು. ಯಾವ ಮನೆ ತುಂಬಲು ತಡವಾಗುತ್ತದೋ ಆ ಸಂಬಂಧ ನನಗಿನ್ನೂ ಗೊತ್ತಿಲ್ಲ ಎಂದರ್ಥ. ಕಾದಂಬರಿಯ ನಡುವೆ ಯಾವ ಮನೆ ಬದಲಾಗಬೇಕು ಎಂಬುದಕ್ಕೆ ಕೆಂಪು ಚುಕ್ಕಿ ಇಡುತ್ತೇನೆ. ಇಪ್ಪತ್ತು ವರ್ಷ ‘ನೀವು’ ಅಂದ ಸೊಸೆ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಅತ್ತೆಗೆ ‘ನೀನು’ ಅಂದರೆ ಅದು ಒಂದು ಇಡೀ ಅಧ್ಯಾಯಕ್ಕೆ ಆಗುವ ಘಟನೆ. ಅಂಥ ಎರಡು ಮೂರು ಚುಕ್ಕಿ ಸಿಕ್ಕರೆ ಕಥೆಯ ಬೆನ್ನೆಲುಬು ಸಿಕ್ಕಿದಂತೆ.

ಆಮೇಲೆ ಕ್ರಿಯಾಪದದ ಕಾಲ, ರೂಪ. ‘ಬಂದನು’, ‘ಬಂದ’, ‘ಬರುತ್ತಾನೆ’ ಮೂರರಲ್ಲಿ ಒಂದನ್ನು ಆರಿಸಲು ಅದೇ ದೃಶ್ಯವನ್ನು ಮೂರು ರೀತಿಯಲ್ಲಿ ಒಂದೊಂದು ಪುಟ ಬರೆದು ಗಟ್ಟಿಯಾಗಿ ಓದುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುವುದರಿಂದ ಒಂದೇ ಪ್ರತ್ಯಯ ಸಾಲುಸಾಲಾಗಿ ಬಡಿಯುತ್ತದೆ. ನೋಡಿ:

ನಂಜಪ್ಪ ಬಂದ. ಚಪ್ಪಲಿ ಬಿಟ್ಟ. ಮಗಳನ್ನು ನೋಡಿದ. ಏನೂ ಮಾತಾಡದೆ ಒಳಗೆ ಹೋದ.

ಇದನ್ನೇ ಮಗಳ ಕಣ್ಣಿಗೆ ತಂದು, ಕ್ರಿಯಾಪದ ಕಡಿಮೆ ಮಾಡಿದರೆ:

ಅಪ್ಪ ಬಂದವರೇ ಚಪ್ಪಲಿಯನ್ನು ಗೋಡೆಗೆ ಒತ್ತಿ ಬಿಟ್ಟರು. ಎಡಗಾಲಿನದರ ಉಂಗುಷ್ಠ ಕಿತ್ತುಹೋಗಿತ್ತು. ‘ನಡ್ಕೊಂಡೇ ಬಂದ್ರಾ?’ ಉತ್ತರವಿಲ್ಲ. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದು.

ಎರಡನೆಯದರ ನಿರೂಪಣೆಯಲ್ಲಿ ಪ್ರತ್ಯಯ ಹತ್ತಿದ ಪೂರ್ಣ ಕ್ರಿಯಾಪದ ಎರಡೇ. ಉಳಿದ ಕೆಲಸವನ್ನು ‘ಬಂದವರೇ’ ಎಂಬ ಕೃದಂತ (ಕ್ರಿಯೆಯಿಂದ ಹುಟ್ಟಿದ ಪದ), ಒಂದು ಮಾತು, ಅಂಥ ಕ್ರಿಯಾಪದವಿಲ್ಲದ ಎರಡು ವಾಕ್ಯ ಮಾಡುತ್ತವೆ. ಒಂದು ಪುಟ ಬರೆದ ಮೇಲೆ ವಾಕ್ಯಗಳ ಕೊನೆಯ ಪದಗಳನ್ನಷ್ಟೇ ಮೇಲಿಂದ ಕೆಳಗೆ ಓದಿ. ಒಂದೇ ಪ್ರತ್ಯಯ ಐದು ಸಲ ಬೆನ್ನಿಗೆ ಬೆನ್ನಿಗೆ ಬಂದಿದ್ದರೆ ಅಲ್ಲಿ ಒಡೆಯಬೇಕು.

ಬೆಂಗಳೂರನ್ನು ಬರೆಯುವವರಿಗೆ ಇನ್ನೊಂದು ಕಷ್ಟ ಕಾದಿದೆ. ಬಸವನಗುಡಿಯ ಹಳೇ ಮನೆಯ ಅಜ್ಜಿ, ಮಂಡ್ಯ ಕಡೆಯಿಂದ ಬಂದು ಆಟೋ ಓಡಿಸುವವರು, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದ ಗಂಡ ಹೆಂಡತಿ, ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ ಆಡುವವರು ಎಲ್ಲರೂ ಒಂದೇ ರಸ್ತೆಯಲ್ಲಿ ಸಿಗುತ್ತಾರೆ. ಎಲ್ಲರ ಬಾಯಲ್ಲೂ ಪಠ್ಯಪುಸ್ತಕದ ಕನ್ನಡ ಇಟ್ಟರೆ ಜನ ಬೊಂಬೆಗಳಾಗುತ್ತಾರೆ. ಕೇಳಿದ್ದನ್ನೆಲ್ಲ ಕೇಳಿದ ಹಾಗೇ ಬರೆದರೆ ಓದುಗರು ಅಕ್ಷರ ಕೂಡಿಸುವುದರಲ್ಲೇ ಸುಸ್ತಾಗುತ್ತಾರೆ. ನನ್ನ ಲೆಕ್ಕ ಒಂದು ಪಾತ್ರಕ್ಕೆ ಮೂರು ಗುರುತು: ಒಂದು ಕ್ರಿಯಾಪದದ ರೂಪ, ಒಂದು ಸಂಬೋಧನೆ, ಒಂದು ಪದ. ಆಟೋದವರಿಗೆ ‘ಬತ್ತೀನಿ’ ಎಂಬ ರೂಪ, ‘ಕಣ್ಲಾ’, ಮತ್ತು ಅವರು ಮಾತ್ರ ಬಳಸುವ ಒಂದು ಪದ ಸಾಕು. ಉಳಿದ ಮಾತು ಸಾಮಾನ್ಯ ಆಡುಗನ್ನಡದಲ್ಲೇ ಇರಲಿ.

ಗುರುತುಗಳು ಮಾತ್ರ ಸರಿಯಾದ ಸೀಮೆಯವಾಗಿರಬೇಕು. ಉತ್ತರ ಕರ್ನಾಟಕ ಎಂದ ಕೂಡಲೇ ‘ಐತಿ’ ಹಾಕಿಬಿಡುವ ಚಾಳಿ ನಮ್ಮ ಕಡೆಯ ಬರಹಗಾರರಿಗೆ ಇದೆ. ‘ಐತಿ’ ಧಾರವಾಡ, ಬಾಗಲಕೋಟೆ ಕಡೆಯದು. ಕಲಬುರಗಿ, ಯಾದಗಿರಿ ಕಡೆಯವರ ಬಾಯಲ್ಲಿ ‘ಅದ’ ಹೆಚ್ಚು. ಈ ವ್ಯತ್ಯಾಸ ಆ ಕಡೆಯ ಓದುಗರಿಗೆ ಮೊದಲ ಮಾತಿಗೇ ಕೇಳಿಸುತ್ತದೆ, ಆಮೇಲೆ ಅವರು ಆ ಪಾತ್ರವನ್ನು ನಂಬುವುದಿಲ್ಲ. ಮೆಜೆಸ್ಟಿಕ್‌ನಿಂದ ಊರ ಹೊರಗಿನವರೆಗೆ ಬಿಎಂಟಿಸಿ ಬಸ್‌ನಲ್ಲಿ ಒಂದು ಗಂಟೆ ಕೂತು, ಕಿವಿಗೆ ಬಿದ್ದ ಮಾತುಗಳ ಕ್ರಿಯಾಪದಗಳನ್ನು ಮಾತ್ರ ಬರೆದುಕೊಂಡರೆ ಹದಿನೈದು ಇಪ್ಪತ್ತು ರೂಪ ಸಿಗುತ್ತವೆ. ಯಾರ ವಿಷಯವೂ ಬೇಡ, ಕ್ರಿಯಾಪದ ಸಾಕು.

ಆಫೀಸಿನ ದೃಶ್ಯಗಳಲ್ಲಿ ಇಂಗ್ಲಿಷ್ ಬರುವುದು ಸಹಜ. ಒಂದೆರಡು ಪದವಾದರೆ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಇಡೀ ವಾಕ್ಯವೇ ಇಂಗ್ಲಿಷ್ ಆದರೆ ಕನ್ನಡದಲ್ಲಿ ಬರೆದು ‘ಇಂಗ್ಲಿಷ್‌ನಲ್ಲೇ ಅಂದಳು’ ಎಂದು ಸೇರಿಸುತ್ತೇನೆ.

ಇನ್ನು ಅಳತೆ. ಡೆಮಿ 1/8, ಅಂದರೆ ಕಾದಂಬರಿಗಳ ಸಾಮಾನ್ಯ ಆಕಾರದ ಪುಸ್ತಕದಲ್ಲಿ ಒಂದು ಪುಟಕ್ಕೆ ಸುಮಾರು 28ರಿಂದ 30 ಸಾಲು, ಸಾಲಿಗೆ ಎಂಟು ಪದ ಹಿಡಿದರೆ 230 ಪದ ಚಿಲ್ಲರೆ. 200 ಪುಟದ ಕಾದಂಬರಿಗೆ 45,000 ಪದಗಳ ಆಸುಪಾಸು. ಇಂಗ್ಲಿಷ್ ಲೆಕ್ಕ ನೋಡಿ 80,000 ಪದ ಬೇಕೆಂದು ಹೆದರುವವರಿದ್ದಾರೆ. ‘ಮನೆಯಲ್ಲಿದ್ದವರಿಗೆಲ್ಲ’ ಎಂದು ನಾವು ಒಂದೇ ಪದದಲ್ಲಿ ಹೇಳುವುದಕ್ಕೆ ಅವರಿಗೆ ಐದಾರು ಪದ ಬೇಕಾಗುತ್ತದೆ, ಹಾಗಾಗಿ ಆ ಲೆಕ್ಕ ನಮಗೆ ಹೊಂದುವುದಿಲ್ಲ. ದಿನಕ್ಕೆ 350 ಪದ, ವಾರಕ್ಕೆ ಐದು ದಿನ ಅಂದರೆ 1,750. 26 ವಾರಕ್ಕೆ 45,500. ಲಾಂಗ್ ನೋಟ್‌ಬುಕ್ಕಿನಲ್ಲಿ ಕೈಬರಹವಾದರೆ 350 ಪದ ಎರಡು ಪುಟ ಹಿಡಿಯುತ್ತದೆ. ಕೆಲಸಕ್ಕೆ ಹೋಗುವವರು ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ಮನೆ ಸೇರಿದ ಮೇಲೆ ಬರೆಯುತ್ತೇನೆ ಎಂದುಕೊಂಡರೆ ಆಗುವ ಮಾತಲ್ಲ. ಬೆಳಿಗ್ಗೆ ಹೊರಡುವ ಮುನ್ನದ 50 ನಿಮಿಷ ಗಟ್ಟಿ ಮಾಡಿಕೊಳ್ಳಬೇಕು. ವಾರಾಂತ್ಯದಲ್ಲಿ ಒಟ್ಟಿಗೆ ಬರೆಯುವ ಯೋಜನೆಯೂ ನಿಲ್ಲುವುದಿಲ್ಲ. ಐದು ದಿನ ಬಿಟ್ಟರೆ ಪಾತ್ರಗಳ ದನಿ ಕಿವಿಯಿಂದ ಹೋಗಿರುತ್ತದೆ, ಶನಿವಾರದ ಮೊದಲ ಎರಡು ಗಂಟೆ ಅದನ್ನು ಮರಳಿ ಹುಡುಕುವುದಕ್ಕೇ ಖರ್ಚಾಗುತ್ತದೆ.

ಟೈಪ್ ಮಾಡುವವರು ಮೊದಲ ದಿನವೇ, ಎಲ್ಲ ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಒಂದೇ ರೀತಿ ಓದಿಸುವ ಯೂನಿಕೋಡ್‌ನಲ್ಲಿ ಶುರು ಮಾಡಿ. ನುಡಿ, ಬರಹ ತಂತ್ರಾಂಶಗಳಲ್ಲಿ ಯಾವುದಾದರೂ ಸರಿ, ಹಳೇ ಕಾಲದ ಆಸ್ಕಿ ಫಾಂಟ್‌ನಲ್ಲಿ ಮಾತ್ರ ಬೇಡ. ಕೊನೆಗೆ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಕೆಟ್ಟು ಕೂರುತ್ತವೆ. 200 ಪುಟದಲ್ಲಿ ಅವನ್ನು ಹೆಕ್ಕುವುದು ತಿಂಗಳ ಕೆಲಸ. ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ಹಾಕುವ ಅಭ್ಯಾಸವಿದ್ದರೆ ಈಗಲೇ ಬಿಡಿ, ಕಣ್ಣಿಗೆ ಒಂದೇ ಕಂಡರೂ ಹುಡುಕಿದಾಗ ಪದ ಸಿಗುವುದಿಲ್ಲ. ‘ಬಸ್‌ನಲ್ಲಿ’, ‘ಸಾಫ್ಟ್‌ವೇರ್’ ಇಂಥ ಪದಗಳಲ್ಲಿ ಒತ್ತಕ್ಷರ ಮೂಡದಂತೆ ತಡೆಯುವ ಕಾಣದ ಅಕ್ಷರವೊಂದಿರುತ್ತದೆ. ಒಂದು ಕಡೆ ಅದನ್ನು ಹಾಕಿ ಇನ್ನೊಂದು ಕಡೆ ಬಿಟ್ಟರೂ ಹುಡುಕಿ ಬದಲಿಸುವಾಗ ಅರ್ಧ ತಪ್ಪಿಹೋಗುತ್ತವೆ. ಮೊಬೈಲ್‌ಗೆ ಹೇಳಿ ಬರೆಸಬಹುದು, ನಿರೂಪಣೆಗೆ ಪರವಾಗಿಲ್ಲ. ಸಂಭಾಷಣೆಗೆ ನಾನು ಬಳಸುವುದಿಲ್ಲ. ‘ಬತ್ತೀನಿ’ ಎಂದು ಹೇಳಿದರೂ ಅದು ‘ಬರುತ್ತೇನೆ’ ಎಂದು ತಿದ್ದಿಕೊಂಡರೆ ಇಡೀ ಶ್ರಮ ವ್ಯರ್ಥ.

ಕಥೆ ನಡೆಯುವ ವರ್ಷವನ್ನೂ ಬರೆಯುವ ಮೊದಲೇ ಗೊತ್ತು ಮಾಡುತ್ತೇನೆ, ‘ಇತ್ತೀಚೆಗೆ’ ಎಂದುಕೊಂಡು ಹೊರಡುವುದಿಲ್ಲ. ಬೆಂಗಳೂರು ಬೇಗ ಬದಲಾಗುತ್ತದೆ, ನೆನಪು ಮೋಸ ಮಾಡುತ್ತದೆ. ಮೊದಲ ಮೆಟ್ರೊ ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಅದೂ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಮಾತ್ರ. 2008ರ ಮೇಗೆ ಮುಂಚೆ ವಿಮಾನ ಹತ್ತುವ ಪಾತ್ರ ದೇವನಹಳ್ಳಿಗೆ ಹೋಗುವಂತಿಲ್ಲ, ಎಚ್‌ಎಎಲ್‌ಗೆ ಹೋಗಬೇಕು. 1997ಕ್ಕೆ ಮುಂಚಿನ ಸಿಟಿ ಬಸ್ ಬಿಎಂಟಿಸಿ ಅಲ್ಲ, ಬಿಟಿಎಸ್. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡರು, ಆ ವಾರದಲ್ಲಿ ಕಥೆ ಇದ್ದರೆ ಊರು ಸ್ತಬ್ಧವಾಗಿದ್ದು ಕಥೆಯೊಳಗೆ ಬಾರದೆ ಇರಲಾಗದು. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದ ನಂತರ ಹಳೇ ಐನೂರರ ನೋಟು ಕೊಟ್ಟು ಸಾಮಾನು ಕೊಳ್ಳುವ ದೃಶ್ಯ ಸಲೀಸಾಗಿ ನಡೆಯದು. ಹಬ್ಬಗಳಿಗೆ ಆ ವರ್ಷದ ಪಂಚಾಂಗ ಬೇಕು: ಕರಗ ಚೈತ್ರ ಪೌರ್ಣಮಿಗೆ, ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ, ಇಂಗ್ಲಿಷ್ ತಾರೀಖು ಪ್ರತಿ ವರ್ಷ ಬೇರೆ. ಮರಗಳಿಗೂ ಲೆಕ್ಕವಿದೆ. ಜಕರಂಡಾ ಫೆಬ್ರುವರಿ, ಮಾರ್ಚ್ ಹೊತ್ತಿಗೆ, ಗುಲ್‌ಮೊಹರ್ ಏಪ್ರಿಲ್, ಮೇನಲ್ಲಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು ಮಳೆ. ಇವೆಲ್ಲ ಒಂದೇ ಹಾಳೆಯಲ್ಲಿ, 12 ತಿಂಗಳ ಪಟ್ಟಿಯಾಗಿ, ಮೇಜಿನ ಮುಂದಿನ ಗೋಡೆಗೆ.

ಕಥೆಯ ಪೂರ್ತಿ ನಕ್ಷೆ ಮೊದಲೇ ಮಾಡುವುದಿಲ್ಲ. ಮೊದಲ 12 ದೃಶ್ಯಕ್ಕೆ ಚೀಟಿ ಮಾಡುತ್ತೇನೆ, ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ, ದಪ್ಪ, ಬಾಗುವುದಿಲ್ಲ. ಒಂದೊಂದರಲ್ಲಿ ಮೂರು ಸಾಲು: ಯಾರಿಗೆ ಏನು ಬೇಕು, ಯಾರು ಅಡ್ಡ, ಕೊನೆಗೆ ಏನು ಬದಲಾಯಿತು. ಒಂದು ದೃಶ್ಯ ಸರಾಸರಿ 1,050 ಪದ ಆಗುತ್ತದೆ, ಅಂದರೆ ಮೂರು ದಿನದ ಬರವಣಿಗೆ. ಮೂರನೇ ಸಾಲು ಖಾಲಿ ಉಳಿದ ಚೀಟಿಯನ್ನು ಬರೆಯಲು ಹೋಗಬಾರದು. ಅದು ಬರೀ ವರ್ಣನೆಯಾಗುತ್ತದೆ, ನಾಯಕ ಎದ್ದು ಕಾಫಿ ಕುಡಿದು ಕಿಟಕಿಯಾಚೆ ನೋಡುತ್ತಾ ಬಾಲ್ಯ ನೆನೆಯುತ್ತಾನೆ.

ಬಾಲ್ಯ ನೆನೆಯುವುದು ಎಂದರೆ ಹಿನ್ನೆಲೆ ಕಥೆ. ಮೊದಲ ಕಾದಂಬರಿಗಳ ಮೊದಲ ಅಧ್ಯಾಯವನ್ನು ಅದೇ ತಿಂದುಹಾಕುತ್ತದೆ. ಅಜ್ಜ ಊರು ಬಿಟ್ಟದ್ದು, ಸೈಟ್ ಕೊಂಡದ್ದು, ಮನೆ ಕಟ್ಟಿದ್ದು ಎಲ್ಲ ಬರೆಯುವವರಿಗೆ ಗೊತ್ತಿರಬೇಕಾದ ಸಂಗತಿ, ಓದುಗರಿಗೆ ಆ ಕ್ಷಣಕ್ಕೆ ಬೇಡ. ನನ್ನ ಕಟ್ಟಳೆ ಹೀಗೆ: ಮೊದಲ 25 ಪುಟದಲ್ಲಿ ಹಿಂದಿನ ಕಥೆ ಒಂದು ಸಲಕ್ಕೆ ಮೂರು ವಾಕ್ಯ ಮೀರಬಾರದು. ಬರೆಯದೆ ಇರಲಾಗದಿದ್ದರೆ ಬೇರೆ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಮುಂದೆ ಸಂಭಾಷಣೆಯಲ್ಲಿ ಅದರ ಚೂರುಗಳು ಬಂದೇ ಬರುತ್ತವೆ.

ನಲವತ್ತನೇ ಪುಟದ ಸುತ್ತ ಬರವಣಿಗೆ ನಿಲ್ಲುವುದು ಎಷ್ಟು ಜನರಿಗೆ ಆಗುತ್ತದೆಂದರೆ, ಅದನ್ನು ಮೊದಲೇ ನಿರೀಕ್ಷಿಸಿ ಕೂರುವುದು ಒಳ್ಳೆಯದು. ಜನರನ್ನು ಪರಿಚಯಿಸಿ ಆಗಿರುತ್ತದೆ, ಆದರೆ ಮುಖ್ಯ ಪಾತ್ರಕ್ಕೆ ಬೇಕಾದದ್ದು ಏನೂ ಇರುವುದಿಲ್ಲ. ಅವರಿಗೆ ಸುಮ್ಮನೆ ಏನೇನೋ ಆಗುತ್ತಿರುತ್ತದೆ. ಆಗ ನಾನು ಹೊಸ ಪಾತ್ರ ತರುವುದಿಲ್ಲ. ಚೌಕದ ಹಾಳೆ ತೆಗೆದು ಕೆಂಪು ಚುಕ್ಕಿಗಳಲ್ಲಿ ಯಾವುದು ಹತ್ತಿರ ಎಂದು ನೋಡಿ, ಆ ದೃಶ್ಯವನ್ನು ಹಾರಿ ಬರೆಯುತ್ತೇನೆ, ನಡುವಿನ ಜಾಗ ಖಾಲಿ ಇರಲಿ. ಸೊಸೆ ಅತ್ತೆಗೆ ‘ನೀನು’ ಅಂದದ್ದು ಕಣ್ಣ ಮುಂದೆ ಬಂದ ಮೇಲೆ ಅಲ್ಲಿಗೆ ಹೋಗುವ ದಾರಿಯಲ್ಲಿ ಅವಳಿಗೆ ಏನು ಬೇಕಿತ್ತು ಎಂಬುದು ತಾನಾಗಿ ಗೊತ್ತಾಗುತ್ತದೆ. ನಿಂತ ಜಾಗದಲ್ಲೇ ಕೂತು ಮೊದಲ ಅಧ್ಯಾಯ ತಿದ್ದುತ್ತಾ ಹೋದವರ ಕೈಯಲ್ಲಿ ಬಹಳ ಚೆಂದದ ಒಂದು ಅಧ್ಯಾಯ ಮಾತ್ರ ಉಳಿದಿರುತ್ತದೆ. 60 ಪುಟ ಆಗುವವರೆಗೆ ಹಿಂದೆ ತಿದ್ದುವುದಿಲ್ಲ. ಹೆಸರು ಬದಲಾದರೆ, ಘಟನೆ ಬದಲಾದರೆ ಪುಟದಂಚಿನಲ್ಲಿ ಒಂದು ಟಿಪ್ಪಣಿ ಬರೆದು ಮುಂದೆ ಹೋಗುವುದು.

ದಿನಕ್ಕೆ 350ರ ಲೆಕ್ಕದಲ್ಲಿ 60 ಪುಟಕ್ಕೆ ಎಂಟು ವಾರ ಸಾಕು. ಆಗ ಒಂದು ಮಗ್ಗುಲಿಗೆ ಮಾತ್ರ, ಸಾಲುಗಳ ನಡುವೆ ಎರಡರಷ್ಟು ಜಾಗ ಬಿಟ್ಟು ಪ್ರಿಂಟ್ ತೆಗೆಸುತ್ತೇನೆ. ಪೆನ್ಸಿಲ್ ಕೆಳಗಿಟ್ಟು ಒಂದೇ ಓದಿಗೆ ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದ ಕಡೆ ಪುಟದ ಮೂಲೆ ಮಡಿಸುತ್ತೇನೆ. ಓದಿ ಮುಗಿದ ಮೇಲೆ, ಯಾವ ಪುಟದಿಂದ ಓದುವ ವೇಗ ಹೆಚ್ಚಿತೋ ಅಲ್ಲಿ ಅಡ್ಡಗೆರೆ. ಸಾಮಾನ್ಯವಾಗಿ ಅದು ಏಳರಿಂದ ಹನ್ನೊಂದನೇ ಪುಟದ ನಡುವೆ ಬೀಳುತ್ತದೆ, ಕಾದಂಬರಿ ಶುರುವಾಗುವುದು ಅಲ್ಲಿಂದ. ಗೆರೆಯ ಹಿಂದಿನ ಪುಟಗಳನ್ನು ಹಿನ್ನೆಲೆಯ ನೋಟ್‌ಬುಕ್ಕಿನೊಳಗೆ ಸೇರಿಸಿಟ್ಟು, ಹದಿಮೂರನೇ ದೃಶ್ಯದ ಚೀಟಿ ಬರೆಯಲು ಕೂರುತ್ತೇನೆ.