ಡೆಫರ್ ಆದ ಮೇಲೆ ಬಂದ 1390: ಕಳಿಸುವುದೋ ಬಿಡುವುದೋ

ಡಿಸೆಂಬರ್‌ನ ಒಂದೇ ವಾರದಲ್ಲಿ ಎರಡು ಸುದ್ದಿ ಬಂದವು. ಅರ್ಲಿ ಆಕ್ಷನ್‌ನಲ್ಲಿ, ಅಂದರೆ ಬೇಗ ಅರ್ಜಿ ಹಾಕಿ ಬೇಗ ಉತ್ತರ ಪಡೆಯುವ ಸುತ್ತಿನಲ್ಲಿ, ಮಗಳು ಅರ್ಜಿ ಹಾಕಿದ್ದ ಅಮೆರಿಕದ ಕಾಲೇಜು ಅವಳನ್ನು ಡೆಫರ್ ಮಾಡಿತು. ಸೇರಿಸಿಕೊಳ್ಳಲೂ ಇಲ್ಲ, ಬೇಡ ಎನ್ನಲೂ ಇಲ್ಲ. ರೆಗ್ಯುಲರ್ ಅರ್ಜಿಗಳ ಜೊತೆ ಇನ್ನೊಮ್ಮೆ ನೋಡಿ ಮಾರ್ಚ್ ಕೊನೆಗೆ ಹೇಳುತ್ತೇವೆ ಎಂದಿತು. ಅದರ ಬೆನ್ನಿಗೇ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆಯಾದ ಎಸ್‌ಎಟಿಯ ಡಿಸೆಂಬರ್ ಅಂಕ: 1600ಕ್ಕೆ 1390. ಓದು-ಬರಹದ ಭಾಗದಲ್ಲಿ 740, ಗಣಿತದಲ್ಲಿ 650.

ಕಾಲೇಜು ಟೆಸ್ಟ್ ಆಪ್ಷನಲ್, ಅಂದರೆ ಅಂಕ ಕಳಿಸುವುದು ಬಿಡುವುದು ಅರ್ಜಿದಾರರ ಇಷ್ಟ. ನವೆಂಬರ್‌ನಲ್ಲಿ ಅಂಕವಿಲ್ಲದೆಯೇ ಅರ್ಜಿ ಹೋಗಿತ್ತು. ಈಗ ಕೈಯಲ್ಲೊಂದು ಅಂಕ ಇದೆ, ಆದರೆ ಅದು ಆ ಕಾಲೇಜಿನ ಮಧ್ಯದ ಐವತ್ತು ಶೇಕಡಾದ (ಸೇರಿದವರಲ್ಲಿ ಮೇಲಿನ ಕಾಲು, ಕೆಳಗಿನ ಕಾಲು ಭಾಗ ಬಿಟ್ಟು ನಡುವಿನ ಅರ್ಧ ಮಂದಿಯ) 1450–1530ಕ್ಕಿಂತ ಕೆಳಗಿದೆ. ಕಳಿಸಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ ಶುರುವಾಯಿತು.

"ಬಂದಿರೋ ಮಾರ್ಕ್ಸ್ ಬಚ್ಚಿಟ್ಕೊಳ್ಳೋದು ಏನಕ್ಕೆ?" ಎಂದರು ಇವರು. ನಾವಿಬ್ಬರೂ ಸಿಇಟಿ ಬರೆದು ಇಂಜಿನಿಯರಿಂಗ್ ಸೇರಿದವರು. ಪಿಯುಸಿ ಅಂಕ, ಸಿಇಟಿ ಅಂಕ, ರ‍್ಯಾಂಕ್, ಸೀಟು, ಅಷ್ಟೇ ನಮಗೆ ಗೊತ್ತಿದ್ದ ದಾರಿ. ಅಲ್ಲಿ ಅಂಕ ತೋರಿಸದಿರುವ ಪ್ರಶ್ನೆಯೇ ಏಳುವುದಿಲ್ಲ.

"ಅಪ್ಪಾ, ಅವರೇ ಬೇಕಿದ್ರೆ ಕಳಿಸಿ ಅಂದಿದ್ದಾರೆ. ಬಚ್ಚಿಡೋದು ಹೇಗಾಗತ್ತೆ?" ಎಂದಳು ಮಗಳು.

ಸ್ನೇಹಿತರೊಬ್ಬರ ಸಲಹೆ ಬೇರೆ ಥರ: ಹೇಗೂ ಡೆಫರ್ ಆಗಿದೆ, ಕಳೆದುಕೊಳ್ಳುವುದೇನಿದೆ, ಕಳಿಸಿಬಿಡಿ. ಇದನ್ನು ನಾನು ಒಪ್ಪಲಿಲ್ಲ. ಡೆಫರ್ ಅಂದರೆ ಎಲ್ಲ ಕಡೆ ಒಂದೇ ಅರ್ಥವಲ್ಲ. ಹಾರ್ವರ್ಡ್‌ನಂಥ ಕಡೆ ಅರ್ಲಿ ಅರ್ಜಿದಾರರಲ್ಲಿ ಬಹುಪಾಲು ಮಕ್ಕಳನ್ನು ಡೆಫರ್ ಮಾಡುತ್ತಾರೆ. ಸ್ಟ್ಯಾನ್‌ಫರ್ಡ್ ಬಹಳ ಕಡಿಮೆ ಮಂದಿಯನ್ನು ಮಾತ್ರ ಉಳಿಸಿಕೊಂಡು ಮಿಕ್ಕವರಿಗೆ ಅಲ್ಲೇ ಇಲ್ಲ ಎನ್ನುತ್ತದೆ. ಎಲ್ಲೇ ಆಗಲಿ, ಫೈಲ್ ಇನ್ನೂ ಮೇಜಿನ ಮೇಲಿದೆ. ಇನ್ನೊಮ್ಮೆ ಓದುವ ಅಧಿಕಾರಿಗೆ ಹೊಸದಾಗಿ ಏನು ಸಿಗುತ್ತದೆ ಎಂಬುದೇ ಈಗಿನ ಪ್ರಶ್ನೆ. ಕಡಿಮೆ ಅಂಕವೂ ಒಂದು ಹೊಸ ಸಂಗತಿಯೇ.

ನಾನು ಮೊದಲು ತೆರೆದದ್ದು ಆ ಕಾಲೇಜಿನ ಕಾಮನ್ ಡೇಟಾ ಸೆಟ್, ಅಂದರೆ ಪ್ರವೇಶದ ಅಂಕಿಅಂಶಗಳಿರುವ ದಾಖಲೆ. ಅಮೆರಿಕದ ಅನೇಕ ಕಾಲೇಜುಗಳು ಪ್ರತಿ ವರ್ಷ ಇದನ್ನು ಪ್ರಕಟಿಸುತ್ತವೆ, ಹೆಸರಿನ ಜೊತೆ ಸೇರಿಸಿ ಹುಡುಕಿದರೆ ಸಿಗುತ್ತದೆ. ಅದರಲ್ಲಿ ಸಿ9 ಎಂಬ ಭಾಗದಲ್ಲಿ ಸೇರಿದ ವಿದ್ಯಾರ್ಥಿಗಳ ಅಂಕಗಳ 25, 50, 75ನೇ ಪರ್ಸೆಂಟೈಲ್ ಇರುತ್ತವೆ. ಎಲ್ಲರೂ ಅಲ್ಲಿಗೇ ನಿಲ್ಲುತ್ತಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಭಾಗದ ಇನ್ನೊಂದು ಸಾಲು: ಸೇರಿದವರಲ್ಲಿ ಶೇಕಡಾ ಎಷ್ಟು ಮಂದಿ ಅಂಕ ಕೊಟ್ಟಿದ್ದರು ಎಂಬುದು. ಟೆಸ್ಟ್ ಆಪ್ಷನಲ್ ಕಾಲೇಜಿನಲ್ಲಿ ಆ 1450–1530 ಎಂಬುದು ಕಳಿಸಿದವರ ಲೆಕ್ಕ ಮಾತ್ರ. ಕಡಿಮೆ ಬಂದವರು ಕಳಿಸದೆ ಬಿಟ್ಟಿರುವುದರಿಂದ ಅದು ಇಡೀ ತರಗತಿಯ ಮಟ್ಟಕ್ಕಿಂತ ಎತ್ತರದಲ್ಲಿ ಕಾಣುತ್ತದೆ. ಇನ್ನು, ಹತ್ತರಲ್ಲಿ ಎಂಟು ಮಂದಿ ಅಂಕ ಕೊಟ್ಟೇ ಸೇರಿದ್ದರೆ ಕೊಡದವರ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ; ಅರ್ಧಕ್ಕಿಂತ ಕಡಿಮೆ ಇದ್ದರೆ ಕೊಡದಿರುವುದೇ ಅಲ್ಲಿ ಸಾಮಾನ್ಯ. ನಮ್ಮ ಕಾಲೇಜಿನಲ್ಲಿ ಅರ್ಧಕ್ಕಿಂತ ಕಡಿಮೆ ಇತ್ತು. ಸಿ7ನೇ ಭಾಗದಲ್ಲಿ ಯಾವುದಕ್ಕೆ ಎಷ್ಟು ಮಹತ್ವ ಎಂಬ ಪಟ್ಟಿ ಇರುತ್ತದೆ. ಅಲ್ಲಿ ತರಗತಿಗಳ ಕಠಿಣತೆಗೂ ಗ್ರೇಡ್‌ಗೂ ಮೇಲಿನ ಸ್ಥಾನ, ಟೆಸ್ಟ್ ಅಂಕಕ್ಕೆ 'ಪರಿಗಣಿಸಲಾಗುತ್ತದೆ' ಎಂಬ ಕೆಳಗಿನ ಸ್ಥಾನ.

ಇದಕ್ಕೆ ವಿರುದ್ಧವಾದ ವಾದವೂ ಗಟ್ಟಿಯಾಗಿಯೇ ಇತ್ತು. 2024ರ ಫೆಬ್ರುವರಿಯಲ್ಲಿ ಡಾರ್ಟ್‌ಮತ್ ಕಾಲೇಜು ಎಸ್‌ಎಟಿ ಅಥವಾ ಅಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿಯ ಅಂಕವನ್ನು ಮತ್ತೆ ಕಡ್ಡಾಯ ಮಾಡಿತು. ಅದಕ್ಕೆ ಆಧಾರವಾಗಿ ತನ್ನದೇ ಪ್ರಾಧ್ಯಾಪಕರ ಅಧ್ಯಯನವನ್ನು ಮುಂದಿಟ್ಟಿತ್ತು. ಅನುಕೂಲ ಕಡಿಮೆ ಇರುವ ಹಿನ್ನೆಲೆಯ ಮಕ್ಕಳು 1400ರ ಆಸುಪಾಸಿನ ಅಂಕವನ್ನು ಸಾಲದು ಎಂದುಕೊಂಡು ಕಳಿಸದೆ ಬಿಡುತ್ತಿದ್ದರು, ಕಳಿಸಿದ್ದರೆ ಅವರಿಗೇ ಅನುಕೂಲವಾಗುತ್ತಿತ್ತು ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು. ಅಂಕವನ್ನು ಹುಡುಗ ಓದಿದ ಶಾಲೆಯ ಹಿನ್ನೆಲೆಯಲ್ಲಿಟ್ಟು ಅಳೆಯುತ್ತಾರೆ. ಇದನ್ನು ಓದಿ ಒಂದು ಸಂಜೆ ನನ್ನ ಮನಸ್ಸು ಕಳಿಸುವ ಕಡೆಗೇ ವಾಲಿತ್ತು. ಆದರೆ ನಮ್ಮ ಮಗಳು ನ್ಯೂಜೆರ್ಸಿಯ ಅನುಕೂಲಸ್ಥ ಊರಿನ ಶಾಲೆಯವಳು, ಅಪ್ಪ ಅಮ್ಮ ಇಬ್ಬರೂ ಸಾಫ್ಟ್‌ವೇರ್. ಅರ್ಜಿಯ ಜೊತೆ ಶಾಲೆ ಕಳಿಸುವ ಸ್ಕೂಲ್ ಪ್ರೊಫೈಲ್ ತರಿಸಿ ನೋಡಿದರೆ ಅಲ್ಲಿನ ಎಸ್‌ಎಟಿ ಸರಾಸರಿಗೂ ಇವಳ ಅಂಕಕ್ಕೂ ದೊಡ್ಡ ಅಂತರವೇ ಇರಲಿಲ್ಲ. ಇಂಥ ಶಾಲೆಯಿಂದ ಬಂದ 1390 ಡಾರ್ಟ್‌ಮತ್‌ನವರು ಹೇಳಿದ 1400 ಅಲ್ಲ.

ಕೊನೆಗೆ ನಿರ್ಧಾರ ಮಾಡಿಸಿದ್ದು ಒಟ್ಟು ಅಂಕವಲ್ಲ, ಆ 650. ಅವಳು ಕೇಳಿದ್ದ ವಿಷಯ ಪಬ್ಲಿಕ್ ಹೆಲ್ತ್. ಅಂಕಿಅಂಶಗಳ ಕೆಲಸ ಅದರಲ್ಲಿ ಸಾಕಷ್ಟಿದೆ. ಅವಳ ಫೈಲಿನಲ್ಲಿ ಮಂಕಾಗಿ ಕಾಣುವ ಜಾಗ ಒಂದೇ, ಹನ್ನೊಂದನೇ ತರಗತಿಯ ಪ್ರೀ-ಕ್ಯಾಲ್ಕ್ಯುಲಸ್‌ನ ಬಿ ಗ್ರೇಡ್. ಹನ್ನೆರಡನೇ ತರಗತಿಯಲ್ಲಿ ಎಪಿ (ಕಾಲೇಜು ಮಟ್ಟದ) ಕ್ಯಾಲ್ಕ್ಯುಲಸ್‌ನಲ್ಲಿ ಕೂತು ಒದ್ದಾಡಿ ಎ ತಂದಿದ್ದಳು. ಜನವರಿ ಕೊನೆಗೆ ಶಾಲೆಯ ಕೌನ್ಸೆಲರ್ ಕಳಿಸುವ ಮಿಡ್-ಇಯರ್ ರಿಪೋರ್ಟ್‌ನಲ್ಲಿ ಆ ಎ ಹೋಗುತ್ತದೆ. ಗಣಿತ ಸುಧಾರಿಸಿದೆ ಎಂದು ಅದು ಹೇಳುವ ಹೊತ್ತಿಗೇ ಪಕ್ಕದಲ್ಲಿ 650 ಇಟ್ಟರೆ ಓದುವವರಿಗೆ ಹಳೆಯ ಬಿ ಮತ್ತೆ ನೆನಪಾಗುತ್ತದೆ. 740 ಒಳ್ಳೆಯ ಅಂಕವೇ, ಆದರೆ ಅವಳ ಪ್ರಬಂಧಗಳೂ ಇಂಗ್ಲಿಷ್ ಗ್ರೇಡ್‌ಗಳೂ ಅದನ್ನು ಆಗಲೇ ಹೇಳಿದ್ದವು. ಇದೇ ಅಂಕ ಅದಲುಬದಲಾಗಿ ಗಣಿತಕ್ಕೆ 740 ಬಂದಿದ್ದರೆ, ಒಟ್ಟು 1390 ಆದರೂ ನಾನು ಕಳಿಸು ಎನ್ನುತ್ತಿದ್ದೆ.

ನಿರ್ಧರಿಸುವ ಮೊದಲು ನಿಯಮ ಏನೆಂದು ಮಗಳೇ ಅಡ್ಮಿಷನ್ಸ್ ಕಚೇರಿಗೆ ಮೇಲ್ ಬರೆದು ಕೇಳಿದಳು. (ತಂದೆ ತಾಯಿ ಬರೆಯಬಾರದು, ಅದು ಚೆನ್ನಾಗಿ ಕಾಣುವುದಿಲ್ಲ.) ಡೆಫರ್ ಆದವರು ಪೋರ್ಟಲ್‌ನಲ್ಲಿ ಅಂಕ ಸೇರಿಸಬಹುದು, ಸೇರಿಸಿದ ಮೇಲೆ ತೆಗೆಯಲಾಗದು ಎಂದು ಉತ್ತರ ಬಂತು. ಇದು ಕಾಲೇಜಿನಿಂದ ಕಾಲೇಜಿಗೆ ಬೇರೆಯಾಗುತ್ತದೆ, ಕೇಳಿಯೇ ತಿಳಿಯಬೇಕು. ಇನ್ನೊಂದು ವಿಷಯ: ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್, ಪರೀಕ್ಷೆಯಾದ ಒಂಬತ್ತು ದಿನದೊಳಗೆ ನಾಲ್ಕು ಕಾಲೇಜುಗಳಿಗೆ ಉಚಿತವಾಗಿ ಅಂಕ ಕಳಿಸಲು ಬಿಡುತ್ತದೆ. ಅಂಕ ಕೈಸೇರುವುದು ಅದಾದ ಮೇಲೆ. ದುಡ್ಡು ಉಳಿಯಿತೆಂದು ಕಣ್ಣುಮುಚ್ಚಿ ಕಳಿಸಿದ್ದರೆ ಈ ಚರ್ಚೆಗೇ ಜಾಗವಿರುತ್ತಿರಲಿಲ್ಲ.

ಅಂಕದ ಬದಲು ಅವಳು ಪೋರ್ಟಲ್‌ನಲ್ಲಿ ಹಾಕಿದ್ದು ಒಂದು ಪುಟಕ್ಕಿಂತ ಚಿಕ್ಕ ಪತ್ರ. ಸೇರುವ ಆಸೆ ಹಾಗೇ ಇದೆ, ಕ್ಯಾಲ್ಕ್ಯುಲಸ್‌ನಲ್ಲಿ ಎ ಬಂದಿದೆ, ಕೌಂಟಿಯ ಆರೋಗ್ಯ ಇಲಾಖೆಯ ಲಸಿಕೆ ಶಿಬಿರಗಳಲ್ಲಿ ನವೆಂಬರ್‌ನಿಂದ ಕೆಲಸ ಮಾಡುತ್ತಿದ್ದೇನೆ, ಇಷ್ಟೇ. ಮೊದಲ ಕರಡಿನಲ್ಲಿದ್ದ ಬೇಸರದ ಎರಡು ಸಾಲುಗಳನ್ನು ನಾನು ತೆಗೆಸಿದೆ.

ಹಾಗೆಂದು 1390 ವ್ಯರ್ಥವಾಗಲಿಲ್ಲ. ರೆಗ್ಯುಲರ್ ಪಟ್ಟಿಯಲ್ಲಿದ್ದ ಎರಡು ಸಾರ್ವಜನಿಕ ಯೂನಿವರ್ಸಿಟಿಗಳಲ್ಲಿ ಅದು ಮಧ್ಯದ ಅಂಕಕ್ಕಿಂತ ಮೇಲಿತ್ತು, ಅಲ್ಲಿಗೆ ಎರಡು ಯೋಚನೆ ಮಾಡದೆ ಕಳಿಸಿದೆವು. ಕೆಲವು ಕಡೆ ಅಂಕ ಸೀಟಿಗಿಂತ ಸ್ಕಾಲರ್‌ಶಿಪ್‌ಗೆ ಮುಖ್ಯ. ಅಲಬಾಮಾ ಯೂನಿವರ್ಸಿಟಿ ಜಿಪಿಎ (ಶಾಲೆಯ ಗ್ರೇಡ್‌ಗಳ ಸರಾಸರಿ) ಮತ್ತು ಟೆಸ್ಟ್ ಅಂಕದ ಮೇಲೆ ಸ್ಕಾಲರ್‌ಶಿಪ್ ಎಷ್ಟೆಂಬ ಕೋಷ್ಟಕವನ್ನೇ ಪ್ರಕಟಿಸುತ್ತದೆ. ಯುಸಿಗಳು, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು, ಪ್ರವೇಶಕ್ಕೆ ಅಂಕವನ್ನು ನೋಡುವುದೇ ಇಲ್ಲ, ಅಲ್ಲಿ ಪ್ರಶ್ನೆಯೇ ಇಲ್ಲ.

ಮಾರ್ಚ್ ಕೊನೆಯಲ್ಲಿ ಡೆಫರ್ ಮಾಡಿದ್ದ ಕಾಲೇಜು ವೇಟ್‌ಲಿಸ್ಟ್‌ಗೆ ಹಾಕಿತು. ಇವರು ಒಮ್ಮೆ "ಕಳಿಸಿದ್ರೆ?" ಎಂದರು. ಅದಕ್ಕೆ ಉತ್ತರ ಯಾರ ಬಳಿಯೂ ಇಲ್ಲ. ಅಂಕ ಕಳಿಸಿದ್ದ ಎರಡರಲ್ಲಿ ಒಂದು ಸ್ಕಾಲರ್‌ಶಿಪ್ ಸಮೇತ ಕರೆಯಿತು, ಈಗ ಅಲ್ಲೇ ಓದುತ್ತಿದ್ದಾಳೆ.

ಈ ಸಲ ಕನ್ನಡ ಸಂಘದ ಪರಿಚಯದವರೊಬ್ಬರು ತಮ್ಮ ಮಗನದು ಇದೇ ಸಮಸ್ಯೆ ಎಂದು ಫೋನ್ ಮಾಡಿದ್ದರು. 1450 ಕೊಟ್ಟು ಡೆಫರ್ ಆಗಿದ್ದಾನೆ, ಡಿಸೆಂಬರ್‌ನಲ್ಲಿ 1440ಕ್ಕೆ ಇಳಿದಿದೆ, ತೋರಿಸುವುದು ಬೇಡ ಅಲ್ವಾ ಎಂದರು. ಬಿಡಿಸಿ ಹೇಳಿ ಎಂದೆ. ಮೊದಲು ಓದು-ಬರಹ 720, ಗಣಿತ 730. ಈಗ 660 ಮತ್ತು 780. ಕಾಲೇಜು ಸೂಪರ್‌ಸ್ಕೋರ್ ಮಾಡುತ್ತದೆ, ಅಂದರೆ ಪ್ರತಿ ಭಾಗದ ದೊಡ್ಡ ಅಂಕ ಕೂಡಿಸುತ್ತದೆ: 720ಕ್ಕೆ 780 ಸೇರಿದರೆ 1500. ಹುಡುಗ ಕೇಳಿರುವುದು ಕಂಪ್ಯೂಟರ್ ಸೈನ್ಸ್. "ಇವತ್ತೇ ಕಳಿಸಕ್ಕೆ ಹೇಳಿ ಸಾರ್" ಎಂದೆ.